ಗಾಡಿ ನಿಮ್ಮ ಹೆಸರಿನಾಗ, ಹೊಣೆಯೂ ನಿಮ್ಮ ಹೆಸರಿನಾಗ

(ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಲಕಲ್ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ, ಹೊಸದಾಗಿ ಗಾಡಿ ಕಲಿಯುವವರಿಗಾಗಿ ಆಡಿದ ಮಾತುಗಳು. ವಾರದ ಸಭೆಯಲ್ಲಿ ಓದಿ ಚರ್ಚಿಸಲು ಅನುಕೂಲವಾಗಲೆಂದು ಇಲ್ಲಿ ಕೊಡಲಾಗಿದೆ.)



ನಮ್ಮ ಸಂಘಗಳಲ್ಲಿ ಮೊದಮೊದಲು ಸಾಲ ಎಂದರೆ ಎಮ್ಮೆಗೆ, ಆಡಿಗೆ, ಮಗ್ಗಕ್ಕೆ, ಕಿರಾಣಿ ಅಂಗಡಿಗೆ, ಮಕ್ಕಳ ಫೀ ಕಟ್ಟಲಿಕ್ಕೆ. ಈಗ ಆ ಪಟ್ಟಿಗೆ ಇನ್ನೊಂದು ಸೇರಿದೆ: ಸ್ಕೂಟಿ. ಇದು ಸಂತೋಷದ ಮಾತು. ಇಲಕಲ್ಲಿನಲ್ಲಿ ಸೀರೆ ನೇಯುವವರು, ಗುಳೇದಗುಡ್ಡದಲ್ಲಿ ಖಣ ನೇಯುವವರು ತಮ್ಮ ಮಾಲು ತಾವೇ ಅಂಗಡಿಗೆ ಮುಟ್ಟಿಸಬಹುದು. ರೊಟ್ಟಿ ಬಡಿಯುವವರು ಬಿಸಿ ಇರುವಾಗಲೇ ಖಾನಾವಳಿಗೆ ಕೊಟ್ಟು ಬರಬಹುದು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರು ಊರಿಂದೂರಿಗೆ ಹೋಗಲು ಯಾರ ಕೈಯನ್ನೂ ಕಾಯಬೇಕಾಗಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ, ಖರೆ. ಆದರೆ ಬಸ್ಸು ಎಲ್ಲ ಹಳ್ಳಿಗೆ, ಎಲ್ಲ ಹೊತ್ತಿನಾಗ ಬರೂದಿಲ್ಲಲ್ರಿ!

ಸ್ಕೂಟಿ ಅಷ್ಟೇ ಅಲ್ಲ. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಕಸ ಒಯ್ಯುವ 'ಸ್ವಚ್ಛ ವಾಹಿನಿ' ಗಾಡಿಯನ್ನು ಓಡಿಸುತ್ತಿರುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ನಿನ್ನೆ ತನಕ ಸೈಕಲ್ ಸಹ ಹೊಡೆಯದವರು ತರಬೇತಿ ಪಡೆದು, ಲೈಸೆನ್ಸ್ ಮಾಡಿಸಿ, ಸ್ಟೇರಿಂಗ್ ಹಿಡಿದಿದ್ದಾರೆ. ಮೈಸೂರಿನ ಒಡನಾಡಿ ಸಂಸ್ಥೆಯಲ್ಲಿ ಆಶ್ರಯ ಪಡೆದ ಸೆಲ್ವಿ ಎಂಬ ಹೆಣ್ಣುಮಗಳ ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಬಾಲ್ಯವಿವಾಹದ ಕಷ್ಟದಿಂದ ಪಾರಾಗಿ ಬಂದ ಆಕೆ ಟ್ಯಾಕ್ಸಿ ಚಾಲಕಿಯಾದಳು. ಆಕೆಯ ಬದುಕಿನ ಮೇಲೆ 2015ರಲ್ಲಿ ಸಾಕ್ಷ್ಯಚಿತ್ರವೇ ಬಂತು. ಗಾಡಿ ಕಲಿತರೆ ಕಾಲಿಗೆ ಬಲ ಬಂದ ಹಾಗೆ ಎನ್ನುವುದಕ್ಕೆ ಇಷ್ಟು ಸಾಕು.

ಆದರೆ ಇವತ್ತು ನಾನು ಬಂದಿರುವುದು ಬರೀ ಹುರಿದುಂಬಿಸಲಿಕ್ಕೆ ಅಲ್ಲ. ಒಂದು ಲೆಕ್ಕವನ್ನೂ ನಿಮ್ಮ ಮುಂದೆ ಇಡಬೇಕು. ಲೆಕ್ಕ ಬರೆಯುವುದು ನಮ್ಮ ಸಂಘದವರಿಗೆ ಚೆನ್ನಾಗಿ ಗೊತ್ತು.

2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕ ಒಂದರಲ್ಲೇ 11,702. ದಿನಕ್ಕೆ ಭಾಗಿಸಿ ನೋಡ್ರಿ, ನಮ್ಮ ರಾಜ್ಯದಲ್ಲಿ ದಿನಕ್ಕೆ 32 ಜನ. ಇವತ್ತು ಮುಂಜಾನೆ ಚಹಾ ಕುಡಿದು ಮನೆ ಬಿಟ್ಟ 32 ಜನ ತಿರುಗಿ ಮನೆಗೆ ಬರುವುದಿಲ್ಲ ಎಂದು ಇದರ ಅರ್ಥ. ದೇಶದಲ್ಲಿ ಸತ್ತವರಲ್ಲಿ ಸುಮಾರು 75 ಸಾವಿರ ಜನ ಎರಡು ಗಾಲಿ ಗಾಡಿಯವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕೂತವರು. ಹಿಂದೆ ಕೂತವರು ಅಂದ್ರ ಯಾರು? ಬಹಳ ಸಲ ನಾವ, ಇಲ್ಲಾ ನಮ್ಮ ಮಕ್ಕಳು.

ಹಾಗಾಗಿ ಗಾಡಿ ಬೇಡ ಎನ್ನಬೇಡಿ. ಕಲಿತು ಹೊಡೆಯಿರಿ, ತಿಳಿದು ಹೊಡೆಯಿರಿ ಎಂದು ಹೇಳಲು ಬಂದಿದ್ದೇನೆ.

ಮೊದಲು ಲೈಸೆನ್ಸ್, ಆಮೇಲೆ ರಸ್ತೆ

"ಊರಾಗಷ್ಟ ಹೊಡಿತೀನ್ರಿ, ಲೈಸೆನ್ಸ್ ಯಾಕ ಬೇಕು?" ಎಂದು ಬಹಳ ಜನ ಕೇಳುತ್ತಾರೆ. ಊರೊಳಗಿನ ರಸ್ತೆಯೂ ಸಾರ್ವಜನಿಕ ರಸ್ತೆಯೇ. ಅಲ್ಲಿಗೂ ಕಾಯ್ದೆ ಒಂದೇ.

ಗೇರ್ ಇರಲಿ, ಗೇರ್ ಇಲ್ಲದ ಸ್ಕೂಟಿ ಇರಲಿ, ನಾವು ಪೇಟೆಯಲ್ಲಿ ಕೊಳ್ಳುವ ಸಾಮಾನ್ಯ ಗಾಡಿಗಳಿಗೆ 18 ವರ್ಷ ತುಂಬಿರಬೇಕು. 16 ವರ್ಷಕ್ಕೆ ಸಿಗುವುದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ, ಅದೂ ಪಾಲಕರ ಒಪ್ಪಿಗೆಯ ಮೇಲೆ. ಇಂದಿನ ಸ್ಕೂಟಿಗಳಲ್ಲಿ ಹೆಚ್ಚಿನವು 100 ಸಿಸಿ ಮೇಲ್ಪಟ್ಟವು. "ಹದಿನಾರು ಆಗೇತ್ರಿ ನಮ್ಮ ಹುಡುಗಗ" ಎಂದು ಕೀಲಿ ಕೊಡಬೇಡಿ, ಅದು ನಡೆಯುವುದಿಲ್ಲ.

ಮೊದಲು ಕಲಿಕಾ ಲೈಸೆನ್ಸ್, ಅಂದರೆ ಎಲ್.ಎಲ್.ಆರ್. ಅರ್ಜಿಯನ್ನು ಸಾರಿಗೆ ಇಲಾಖೆಯ 'ಸಾರಥಿ' ಜಾಲತಾಣದಲ್ಲಿ ಹಾಕಬೇಕು. ಕಂಪ್ಯೂಟರ್ ಬಾರದವರು ಊರಿನ ಸೇವಾ ಕೇಂದ್ರದಲ್ಲಿ ಹಾಕಿಸಿ. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ ಬೇಕು. 40 ವರ್ಷ ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಕೂಡ ಬೇಕು. ಕಣ್ಣು ಮಂಜಾಗಿದ್ದರೆ ಈ ನೆವದಲ್ಲಾದರೂ ಚಸ್ಮಾ ಮಾಡಿಸಿಕೊಳ್ಳಿ. ರಸ್ತೆ ನಿಯಮ, ರಸ್ತೆ ಚಿಹ್ನೆಗಳ ಬಗ್ಗೆ ಒಂದು ಸಣ್ಣ ಪರೀಕ್ಷೆ ಇರುತ್ತದೆ, ಕನ್ನಡದಲ್ಲೇ ಬರೆಯಬಹುದು. ಕಲಿಕಾ ಲೈಸೆನ್ಸಿನ ಅವಧಿ 6 ತಿಂಗಳು. ಸಿಕ್ಕ 30 ದಿನಗಳ ನಂತರ ಗಾಡಿ ಹೊಡೆದು ತೋರಿಸುವ ಪರೀಕ್ಷೆಗೆ ಹೋಗಬಹುದು. ನಮ್ಮ ಬಾಗಲಕೋಟೆ ಆರ್.ಟಿ.ಓ. ಕಚೇರಿಯ ಗುರುತು ಕೆಎ 29, ಜಮಖಂಡಿಯದು ಕೆಎ 48.

ಕಲಿಯುವ ದಿನಗಳಲ್ಲಿ ಗಾಡಿಯ ಹಿಂದೆ, ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಇರಬೇಕು. ಎರಡು ಗಾಲಿ ಗಾಡಿಯಲ್ಲಿ, ಕಲಿಸುವ ಲೈಸೆನ್ಸ್‌ದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂಡಿಸಿಕೊಳ್ಳುವಂತಿಲ್ಲ. ಕಾರು ಅಥವಾ ಟೆಂಪೋ ಕಲಿಯುವಾಗ ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಕೂತಿರಲೇಬೇಕು.

ಗಾಡಿಯಿಂದಲೇ ದುಡಿಯಬೇಕು ಎನ್ನುವವರಿಗೆ ಎರಡು ಒಳ್ಳೆ ಸುದ್ದಿ. ಬಾಡಿಗೆ ವಾಹನ ಓಡಿಸಲು 8ನೇ ತರಗತಿ ಪಾಸಾಗಿರಬೇಕು ಎಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಮತ್ತೆ, ಲಘು ವಾಹನದ ಲೈಸೆನ್ಸ್ ಇದ್ದರೆ ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ-ವಸತಿ ಸಹಿತ ಉಚಿತ ತರಬೇತಿಗಳಿರುತ್ತವೆ. ಚಾಲನಾ ತರಬೇತಿ ಯಾವಾಗ ಇದೆ ಎಂದು ಒಕ್ಕೂಟದ ಮೂಲಕ ವಿಚಾರಿಸಿ.

ಗಾಡಿ ಯಾರ ಹೆಸರಿನಲ್ಲಿದೆ?

ಇದು ಇವತ್ತಿನ ಮಾತಿನ ಮುಖ್ಯ ಭಾಗ. ಸ್ವಲ್ಪ ಗಮನ ಕೊಟ್ಟು ಕೇಳ್ರಿ.

ಸಂಘದಿಂದ ಸಾಲ ಸಿಗುವುದು ಅಕ್ಕನ ಹೆಸರಿಗೆ. ಗಾಡಿಯ ಆರ್.ಸಿ. ಆಗುವುದೂ ಅಕ್ಕನ ಹೆಸರಿಗೆ. ಗಾಡಿ ಹೊಡೆಯುವವರು ಯಾರು? ಗಂಡ, ಮೈದುನ, ಹತ್ತನೇತ್ತೆ ಓದುವ ಮಗ. ಅಕ್ಕನ ಹತ್ತಿರ ಲೈಸೆನ್ಸೇ ಇಲ್ಲ. ನಮ್ಮ ಎಷ್ಟೋ ಮನೆಗಳ ಸ್ಥಿತಿ ಹೀಗೇ ಇದೆ.

ಹೀಗ ತಿಳ್ಕೊರಿ: ಹದಿನೈದು ವರ್ಷದ ಮಗ ಸಂಜೆ ಕೀಲಿ ತೆಗೆದುಕೊಂಡು ಹೋದ, ಎದುರಿಗೆ ಬಂದ ಮುದುಕರಿಗೆ ಗುದ್ದಿದ. ಆಗ ಪೊಲೀಸರು ಕರೆಯುವುದು ಯಾರನ್ನು? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಹೊಡೆದು ತಪ್ಪು ಮಾಡಿದರೆ ಪಾಲಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಮುಂದೆ ಡ್ರೈವರ್ ನೌಕರಿ ಮಾಡಿ ಬದುಕಬೇಕು ಎಂದಿದ್ದರೆ ಆ ದಾರಿಯೂ ಮುಚ್ಚಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇನ್ನು ಇನ್ಶೂರೆನ್ಸ್. "ಇನ್ಶೂರೆನ್ಸ್ ಐತಲ್ರಿ, ಕಂಪನಿಯವರು ಕೊಡ್ತಾರ" ಎಂದು ಸುಮ್ಮನಿರಬೇಡಿ. ಅದರಲ್ಲಿ ಮೂರು ವಿಷಯ ತಿಳಿದಿರಬೇಕು.

ಒಂದು, ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಕೊಡುವುದು ಇದು. ಇದು ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಹೊಸ ಎರಡು ಗಾಲಿ ಗಾಡಿಗೆ 5 ವರ್ಷದ್ದನ್ನು ಒಮ್ಮೆಲೇ ಮಾಡಿಸುತ್ತಾರೆ. ಐದು ವರ್ಷ ಮುಗಿದ ಮೇಲೆ ನೆನಪಿಟ್ಟು ಮತ್ತೆ ಕಟ್ಟುವುದು ನಮ್ಮ ಕೆಲಸ. ಮರೆಯುವುದು ಇಲ್ಲೇ.

ಎರಡು, ಲೈಸೆನ್ಸ್ ಇಲ್ಲದವರ ಕೈಗೆ ನೀವು ಗಾಡಿ ಕೊಟ್ಟು ಅಪಘಾತವಾದರೆ, ಪೆಟ್ಟು ತಿಂದವರಿಗೆ ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡುವಂತೆ ಕೋರ್ಟು ಆದೇಶ ಕೊಡಬಹುದು. ಲಕ್ಷಗಟ್ಟಲೆ ಹಣ. ಹೊಲ-ಮನೆ ಮಾರುವ ಪ್ರಸಂಗ ಬರುತ್ತದೆ.

ಮೂರು, ಗಾಡಿಯ ಮಾಲೀಕ ತಾನೇ ಓಡಿಸುವಾಗ ಸತ್ತರೆ ಮನೆಯವರಿಗೆ 15 ಲಕ್ಷ ರೂಪಾಯಿ ತನಕ ಸಿಗುವ ವೈಯಕ್ತಿಕ ಅಪಘಾತ ವಿಮೆ ಇದೆ. ಆದರೆ ಮಾಲೀಕರ ಹತ್ತಿರ ಚಾಲ್ತಿ ಲೈಸೆನ್ಸ್ ಇದ್ದರೆ ಮಾತ್ರ. ಆರ್.ಸಿ. ನಿಮ್ಮ ಹೆಸರಿನಲ್ಲಿದ್ದು, ಲೈಸೆನ್ಸ್ ಇಲ್ಲದೆ ನೀವು ಹೊಡೆದರೆ ಆ ಆಸರೆ ಇಲ್ಲ. ಒಂದು ಲೈಸೆನ್ಸ್ ಕಾರ್ಡಿನ ಬೆಲೆ ಎಷ್ಟು ಅಂತ ಈಗ ಲೆಕ್ಕ ಹಾಕ್ರಿ.

ಹಳೇ ಗಾಡಿ ಕೊಂಡರೆ ಆರ್.ಸಿ., ಇನ್ಶೂರೆನ್ಸ್ ಎರಡರಲ್ಲೂ ಹೆಸರು ಬದಲಾಯಿಸಿ. ಮಾರಿದರೂ ಅಷ್ಟೇ. "ಆಮ್ಯಾಲ ಮಾಡ್ಸೂಣು" ಎಂದು ಬಿಟ್ಟರೆ, ಮಾರಿದ ಗಾಡಿಯ ಅಪಘಾತಕ್ಕೆ ನೀವು ಕೋರ್ಟಿಗೆ ಅಲೆಯಬೇಕಾದೀತು.

ಹೆಲ್ಮೆಟ್, ಸೀರೆ, ಮಕ್ಕಳು

ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ. ಸರಿಯಾಗಿ ಹಾಕಿದ ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42ರಷ್ಟು, ತಲೆಗೆ ಆಗುವ ಪೆಟ್ಟನ್ನು ಶೇಕಡಾ 69ರಷ್ಟು ಕಡಿಮೆ ಮಾಡುತ್ತದೆ ಎಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡಿದ್ದಾರೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಇಲ್ಲದಿದ್ದರೆ ದಂಡ ಅಷ್ಟೇ ಅಲ್ಲ, 3 ತಿಂಗಳು ಲೈಸೆನ್ಸ್ ಅಮಾನತು ಮಾಡಲೂ ಅವಕಾಶವಿದೆ.

ಐ.ಎಸ್.ಐ. ಗುರುತು ಇರುವುದನ್ನೇ ಕೊಳ್ಳಿ. ಅರ್ಧ ತಲೆ ಮುಚ್ಚುವ ಪ್ಲಾಸ್ಟಿಕ್ ಬುಟ್ಟಿ ಬೇಡ. ಹಾಕಿಕೊಂಡ ಮೇಲೆ ಗದ್ದದ ಕೆಳಗೆ ಬಕಲ್ ಬಿಗಿ ಮಾಡಿ, ಒಂದೆರಡು ಬೆರಳು ಹೋಗುವಷ್ಟು ಮಾತ್ರ ಸಡಿಲ ಇರಲಿ. ಬಕಲ್ ಹಾಕದ ಹೆಲ್ಮೆಟ್ ಬಿದ್ದ ಕೂಡಲೇ ತಲೆಗಿಂತ ಮೊದಲು ಹಾರಿಹೋಗುತ್ತದೆ. ತುರುಬು ಎತ್ತರಕ್ಕೆ ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂಡುವುದಿಲ್ಲ, ಕುತ್ತಿಗೆಯ ಮೇಲೆ ಇಳಿಸಿ ಕಟ್ಟಿಕೊಳ್ಳಿ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ.

ಸೀರೆಯ ಮಾತು ಗಂಡಸರು ಕಲಿಸುವಾಗ ಹೇಳುವುದಿಲ್ಲ, ನಾವೇ ಹೇಳಿಕೊಳ್ಳಬೇಕು. ಸೆರಗು, ಓಢಣಿ, ಬುರ್ಖಾದ ಅಂಚು ಗಾಲಿಗೆ ಸಿಕ್ಕರೆ ಕ್ಷಣದಲ್ಲಿ ಎಳೆದು ಬೀಳಿಸುತ್ತದೆ. ಅದಕ್ಕೇ ಮೋಟರ್ ಸೈಕಲ್ಲಿನ ಹಿಂದಿನ ಗಾಲಿಗೆ ಬಟ್ಟೆ ಸಿಗದಂತೆ ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಮುಚ್ಚುವ ಸೀರೆ ಗಾರ್ಡ್, ಹಿಂದೆ ಕೂತವರಿಗೆ ಕೈ ಹಿಡಿಕೆ, ಕಾಲಿಡುವ ಮೆಟ್ಟು ಮೂರೂ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಹುಡುಗರು ಚೆಂದ ಕಾಣಲಿ ಎಂದು ಅದನ್ನು ಬಿಚ್ಚಿ ಇಡುತ್ತಾರೆ. ಮನೆಗೆ ಹೋಗಿ ಇವತ್ತೇ ನೋಡಿ, ಇಲ್ಲದಿದ್ದರೆ ಹಾಕಿಸಿ. ಗಾಡಿ ಹೊಡೆಯುವಾಗ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಓಢಣಿಯ ಎರಡೂ ತುದಿ ಗಂಟು ಹಾಕಿ. ಚೂಡಿದಾರದಲ್ಲಿ ಎರಡೂ ಕಡೆ ಕಾಲು ಹಾಕಿ ಕೂಡುವುದು ಎಲ್ಲಕ್ಕಿಂತ ಭದ್ರ. ಒಂದೇ ಕಡೆ ಕಾಲು ಹಾಕಿ, ತೊಡೆಯ ಮೇಲೆ ಕೂಸು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಕೂಡುವುದು ಬಿಡಬೇಕು. ಹಂಪ್ ಬಂದಾಗ ಹಿಡಿದುಕೊಳ್ಳಲು ನಿಮಗೆ ಕೈ ಎಲ್ಲೈತಿ?

ಮಕ್ಕಳಿಗೂ ನಿಯಮ ಇದೆ. 9 ತಿಂಗಳಿಂದ 4 ವರ್ಷದ ಮಕ್ಕಳನ್ನು ಕರೆದೊಯ್ಯುವಾಗ ಓಡಿಸುವವರಿಗೆ ಬಿಗಿಯುವ ಬೆಲ್ಟ್ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ದಾಟಬಾರದು. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕು. ಇಬ್ಬರಿಗಿಂತ ಹೆಚ್ಚು ಜನ ಕೂಡುವಂತಿಲ್ಲ.

ಕೈಗೆ ಬರಬೇಕಾದ ಅಭ್ಯಾಸಗಳು

ಗಾಡಿ ತೆಗೆಯುವ ಮೊದಲು ಐದು ನೋಡಿ: ಬ್ರೇಕು, ಗಾಲಿಯ ಗಾಳಿ, ಲೈಟು, ಕನ್ನಡಿ, ಹಾರ್ನು. ಸೈಡ್ ಸ್ಟ್ಯಾಂಡ್ ಮೇಲೆ ಎತ್ತಿದ್ದೀರಾ ನೋಡಿ. ಸ್ಟ್ಯಾಂಡ್ ಮರೆತು ಹೊರಟು ತಿರುವಿನಲ್ಲಿ ಬಿದ್ದವರು ಪ್ರತಿ ಊರಲ್ಲೂ ಇದ್ದಾರೆ.

ಗೇರ್ ಇಲ್ಲದ ಸ್ಕೂಟಿಯಲ್ಲಿ ಎಡಗೈ ಬ್ರೇಕು ಹಿಂದಿನ ಗಾಲಿಗೆ, ಬಲಗೈ ಬ್ರೇಕು ಮುಂದಿನ ಗಾಲಿಗೆ. ಎರಡನ್ನೂ ಕೂಡಿಸಿ, ಮೆಲ್ಲಗೆ ಶುರು ಮಾಡಿ ಬಿಗಿ ಮಾಡುತ್ತ ಹೋಗಬೇಕು. ಗಾಬರಿಯಿಂದ ಬಲಗೈ ಒಂದೇ ಒತ್ತಿದರೆ ಮುಂದಿನ ಗಾಲಿ ಜಾರಿ ಬೀಳುತ್ತೀರಿ. ಗಾಬರಿಯಾದಾಗ ಕಾಲು ನೆಲಕ್ಕೆ ಕೊಟ್ಟು ನಿಲ್ಲಿಸಲು ಹೊಸಬರು ನೋಡುತ್ತಾರೆ, ಜೊತೆಗೆ ಆಕ್ಸಿಲೇಟರ್ ಕೈ ತಿರುಗಿಬಿಡುತ್ತದೆ. ಅದಕ್ಕೇ ಮೊದಲ ವಾರ ಶಾಲೆಯ ಮೈದಾನದಲ್ಲಿ, ಜನ ಇಲ್ಲದ ಹೊತ್ತಿನಲ್ಲಿ ಬರೀ ಹೊರಡುವುದು, ನಿಲ್ಲಿಸುವುದು ಕಲಿಯಿರಿ. ಓಡಿಸುವುದು ತಾನೇ ಬರುತ್ತದೆ. ನಿಲ್ಲಿಸುವುದನ್ನು ಕಲಿಯಬೇಕು.

ರಸ್ತೆಯಲ್ಲಿ ಎಡಕ್ಕೆ ಇರಿ. ತಿರುಗುವ ಮೊದಲು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿ, ಆಮೇಲೆ ತಿರುಗಿಸಿ. ತಿರುಗಿದ ಮೇಲೆ ಇಂಡಿಕೇಟರ್ ಆರಿಸಿ. ಮುಂದಿನ ಗಾಡಿ ದಾಟುವುದು ಬಲಗಡೆಯಿಂದ ಮಾತ್ರ. ತಿರುವು, ಸೇತುವೆ, ದಿಬ್ಬದ ನೆತ್ತಿ, ಅಡ್ಡರಸ್ತೆ ಇರುವಲ್ಲಿ ದಾಟಬಾರದು. ಬಸ್ಸು, ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ ಎಂದು ತಿಳಿಯಿರಿ.

ರಸ್ತೆ ಚಿಹ್ನೆ ನೆನಪಿಡಲು ಓದು ಬೇಕಿಲ್ಲ, ಆಕಾರ ನೋಡಿದರೆ ಸಾಕು. ದುಂಡಗಿದ್ದರೆ ಆಜ್ಞೆ, ಪಾಲಿಸಲೇಬೇಕು. ಮೂರು ಮೂಲೆ ಇದ್ದರೆ ಎಚ್ಚರಿಕೆ, ಮುಂದೆ ಏನೋ ಇದೆ. ನೀಲಿ ಬಣ್ಣದ ಚೌಕವಿದ್ದರೆ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್ ಇತ್ಯಾದಿ. ಎಂಟು ಮೂಲೆಯ ಕೆಂಪು ಹಲಗೆ ಕಂಡರೆ ಪೂರ್ತಿ ನಿಲ್ಲಬೇಕು.

ಫೋನು ಬಂದರೆ ಬದಿಗೆ ನಿಲ್ಲಿಸಿ ಮಾತಾಡಿ. ಹೆಲ್ಮೆಟ್ಟಿನೊಳಗೆ ಫೋನು ತುರುಕಿಕೊಂಡು ಮಾತಾಡುವುದೂ ಅಪಾಯವೇ, ಕೈ ಖಾಲಿ ಇದ್ದರೂ ಮನಸ್ಸು ಖಾಲಿ ಇರುವುದಿಲ್ಲ.

ವೇಗ: ಸೀರೆ ಹಾಸಿ ಅಳೆಯೋಣ

2022ರ ಸಾವುಗಳಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಅತಿವೇಗದಿಂದ ಆದವು. ವೇಗದ ಅಪಾಯ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ನಮಗೆ ಗೊತ್ತಿರುವ ಅಳತೆಯಿಂದ ನೋಡೋಣ. ಒಂಬತ್ತು ಗಜದ ಒಂದು ಇಲಕಲ್ ಸೀರೆಯನ್ನು ರಸ್ತೆಯ ಮೇಲೆ ಉದ್ದಕ್ಕೆ ಹಾಸಿದರೆ ಸುಮಾರು 8 ಮೀಟರ್.

ಎದುರಿಗೆ ಎಮ್ಮೆ ಬಂತು. ಕಣ್ಣು ನೋಡಿ, ತಲೆಗೆ ತಿಳಿದು, ಕೈ ಬ್ರೇಕ್ ಹಿಡಿಯಲು ಸುಮಾರು ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ ಓಡುತ್ತಲೇ ಇರುತ್ತದೆ. ಬ್ರೇಕ್ ಹಿಡಿದ ಮೇಲೂ ನಿಲ್ಲಲು ದೂರ ಬೇಕು. ಒಣಗಿದ ಡಾಂಬರು ರಸ್ತೆ, ಒಳ್ಳೆ ಬ್ರೇಕು ಇದ್ದಾಗ ಅಂದಾಜು ಲೆಕ್ಕ ಹೀಗಿದೆ:

ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 21 ಮೀಟರ್, ಅಂದರೆ ಎರಡೂವರೆ ಸೀರೆ.
ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 40 ಮೀಟರ್, ಅಂದರೆ ಐದು ಸೀರೆ.
ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುಮಾರು 63 ಮೀಟರ್, ಅಂದರೆ ಹತ್ತಿರ ಹತ್ತಿರ ಎಂಟು ಸೀರೆ.

ನೋಡಿದ್ರ್ಯಾ? ವೇಗ ಎರಡು ಪಟ್ಟು ಆದರೆ ನಿಲ್ಲುವ ದೂರ ಮೂರು ಪಟ್ಟು ಆಯಿತು. ಮಳೆ ಬಂದಾಗ, ಹಿಂದೆ ಒಬ್ಬರು ಕೂತಾಗ, ಟೈರು ಸವೆದಾಗ ಇನ್ನೂ ಹೆಚ್ಚು. ಈ ಲೆಕ್ಕವನ್ನು ಮನೆಯ ಹುಡುಗರಿಗೂ ಸೀರೆ ಹಾಸಿಯೇ ತೋರಿಸಿ.

ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು? ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ "ಒಂದು ಸಾವಿರದ ಒಂದು, ಒಂದು ಸಾವಿರದ ಎರಡು" ಎಂದು ನಿಧಾನ ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಆ ಕಂಬಕ್ಕೆ ಬಂದರೆ ಬಹಳ ಹತ್ತಿರ ಇದ್ದೀರಿ. ಮಳೆಯಲ್ಲಿ ನಾಲ್ಕರ ತನಕ ಎಣಿಸಿ.

ನಮ್ಮ ಭಾಗದ ರಸ್ತೆಗಳು

ಪುಸ್ತಕದಲ್ಲಿ ಇಲ್ಲದ ಕೆಲವು ಅಪಾಯಗಳು ನಮ್ಮಲ್ಲಿವೆ.

ಹುನಗುಂದ, ಇಲಕಲ್ ಪಕ್ಕದಲ್ಲಿ ಹೋಗುವುದು ವಿಜಯಪುರ-ಹೊಸಪೇಟೆ ಕಡೆಯ ರಾಷ್ಟ್ರೀಯ ಹೆದ್ದಾರಿ 50, ಮೊದಲು 13 ಎನ್ನುತ್ತಿದ್ದರು. ಬಾದಾಮಿ ತಾಲೂಕಿನ ಕೆರೂರಿನ ಮೇಲೆ ಹೋಗುವುದು ಹುಬ್ಬಳ್ಳಿ-ವಿಜಯಪುರ ಹೆದ್ದಾರಿ 52. ಚತುಷ್ಪಥ ಹೆದ್ದಾರಿಯಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಎಂದರೆ, ಒಂದು ಕಿಲೋಮೀಟರ್ ಸುತ್ತು ಉಳಿಸಲು ಉಲ್ಟಾ ದಿಕ್ಕಿನಲ್ಲಿ ಹೋಗುವುದು. ಎದುರಿಗೆ 80-90ರ ವೇಗದಲ್ಲಿ ಬರುವವನು ನಿಮ್ಮನ್ನು ಅಲ್ಲಿ ನಿರೀಕ್ಷಿಸಿರುವುದಿಲ್ಲ. ಹೊಸಬರು ಹೆದ್ದಾರಿಗೆ ಇಳಿಯಲು ಅವಸರ ಮಾಡಬೇಡಿ. ಸರ್ವಿಸ್ ರಸ್ತೆ ಇದ್ದಲ್ಲಿ ಅದನ್ನೇ ಬಳಸಿ.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರುಗಳು ರಾತ್ರಿ ಹೋಗುತ್ತವೆ. ಹಿಂದೆ ಲೈಟೂ ಇರುವುದಿಲ್ಲ, ಹೊಳೆಯುವ ಪಟ್ಟಿಯೂ ಇರುವುದಿಲ್ಲ. ಕೆಲವು ಕೆಟ್ಟು ರಸ್ತೆಯಲ್ಲೇ ನಿಂತಿರುತ್ತವೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗ ಇವು ಕಾಣುವುದೇ ಇಲ್ಲ. ಅಂಥ ಹೊತ್ತಿನಲ್ಲಿ ವೇಗ ಇಳಿಸುವುದೊಂದೇ ಉಪಾಯ. ನಿಮ್ಮ ಮನೆಯಲ್ಲೇ ಟ್ರ್ಯಾಕ್ಟರ್, ಚಕ್ಕಡಿ ಇದ್ದರೆ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ. ಖರ್ಚು ಕಡಿಮೆ, ಉಳಿಯುವುದು ಜೀವ.

ಸುಗ್ಗಿಯಲ್ಲಿ ತೊಗರಿ, ಸಜ್ಜೆ, ಹುರುಳಿ ತಂದು ಡಾಂಬರಿನ ಮೇಲೆ ಹಾಸಿ ರಾಶಿ ಮಾಡುತ್ತೇವೆ. ಇದರಲ್ಲಿ ನಮ್ಮ ಪಾಲೂ ಇದೆ. ಒಣ ಕಡ್ಡಿಯ ಮೇಲೆ ಸ್ಕೂಟಿ ಜಾರುತ್ತದೆ. ಕಾರಿನ ಕೆಳಗೆ ಸಿಕ್ಕ ಹೊಟ್ಟು ಬಿಸಿಗೆ ಹೊತ್ತಿಕೊಳ್ಳುತ್ತದೆ. ಕಾಳು ಕಾಯಲು ಇಟ್ಟ ಕಲ್ಲು ಕತ್ತಲಲ್ಲಿ ಯಾರದೋ ಜೀವ ತೆಗೆಯುತ್ತದೆ. ಊರಿನ ಒಕ್ಕಣೆ ಕಣಕ್ಕಾಗಿ ಗ್ರಾಮಸಭೆಯಲ್ಲಿ ಕೇಳೋಣ, ರಸ್ತೆಯನ್ನು ರಸ್ತೆಯಾಗಿ ಬಿಡೋಣ.

ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬಂದ ಎರಿಮಣ್ಣು ಡಾಂಬರಿನ ಮೇಲೆ ಬೀಳುತ್ತದೆ. ಅದರ ಮೇಲೆ ಎರಡು ಹನಿ ಬಿದ್ದರೆ ಬೆಣ್ಣೆಯಂತೆ ಜಾರುತ್ತದೆ. ಅಂಥಲ್ಲಿ ಬ್ರೇಕ್ ಹಿಡಿಯುವುದಲ್ಲ, ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಇಟ್ಟು ಮೆಲ್ಲಗೆ ದಾಟಬೇಕು. ಇಲಕಲ್ ಸುತ್ತ ಗ್ರಾನೈಟ್ ಕಲ್ಲು ಹೊತ್ತ ಲಾರಿಗಳಿಂದ ದೂರವಿರಿ, ಅವು ಬೇಗ ನಿಲ್ಲಲಾರವು. ಪುಷ್ಯ ಮಾಸದ ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ ರಸ್ತೆಯಲ್ಲಿ ಚಕ್ಕಡಿ, ಪಾದಚಾರಿ, ಬಸ್ಸು ಎಲ್ಲ ಕೂಡಿರುತ್ತವೆ. ಹೊಸದಾಗಿ ಕಲಿತವರು ಆ ದಿನ ಬಸ್ಸಿಗೆ ಹೋದರೆ ಒಳ್ಳೆಯದು.

ಕೂಲಿಗೆ ಹೋಗುವ ಗಾಡಿ

ನೀವು ಗಾಡಿ ಹೊಡೆಯದಿದ್ದರೂ ಈ ಮಾತು ನಿಮಗೆ ಬೇಕು. ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಸಾಮಾನಿನ ಟಂಟಂನಲ್ಲಿ ಇಪ್ಪತ್ತು-ಮೂವತ್ತು ಜನ ನಿಂತು ಹೋಗುತ್ತೇವೆ. ಸಾಮಾನಿನ ಗಾಡಿಯಲ್ಲಿ ಪ್ರಯಾಣಿಕರಾಗಿ ಹೋದವರಿಗೆ ವಿಮಾ ಕಂಪನಿಯ ಹೊಣೆ ಇಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಪೆಟ್ಟಾದರೆ ಆಸ್ಪತ್ರೆ ಖರ್ಚಿಗೂ ಪರದಾಡಬೇಕು. ದಿನದ ಕೂಲಿ ಕೆಲವು ನೂರು, ಸೊಂಟ ಮುರಿದರೆ ಜೀವಮಾನದ ಕೂಲಿ ಹೋಯಿತು. ಒಬ್ಬರು "ಒಲ್ಲೆ" ಅಂದರೆ ಕೆಲಸ ತಪ್ಪುತ್ತದೆ. ಸಂಘದ ಇಪ್ಪತ್ತು ಜನ ಕೂಡಿ "ಮಂದಿ ಗಾಡಿ ಕಳಸ್ರಿ, ಬರ್ತೀವಿ" ಅಂದರೆ ಹೊಲದ ಮಾಲೀಕರು ಕೇಳಬೇಕಾಗುತ್ತದೆ.

ಅದೇ ರೀತಿ ಕುಡಿದವರ ಗಾಡಿ ಹತ್ತಬೇಡಿ. ಕುಡಿದು ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ. ಗಂಡನಾಗಲಿ, ಮಗನಾಗಲಿ, ಕುಡಿದಿದ್ದರೆ ಕೀಲಿ ಕೊಡಬೇಡಿ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಕೀಲಿ ಹಿಡಿದಿಡುವ ಹಕ್ಕೂ ನಿಮ್ಮದೇ. ಒಬ್ಬರೇ ತಡೆಯಲು ಅಂಜಿಕೆಯಾದರೆ ನೆರೆಮನೆಯ ಸಂಘದವರನ್ನು ಕರೆಯಿರಿ.

ಅಪಘಾತ ಆದಾಗ

ಮೊದಲು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು, ಎಳೆದಾಡಬೇಡಿ.

"ನಮಗ ಪೊಲೀಸ್ ಕೇಸ್ ಆಗ್ತೈತಿ" ಎಂದು ದೂರ ನಿಲ್ಲಬೇಡಿ. ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಲ್ಲಿ ರಕ್ಷಣೆ ಇದೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಆಸ್ಪತ್ರೆಯವರು ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಪೆಟ್ಟಾದವರಿಗೆ ಮೊದಲ 7 ದಿನಗಳಲ್ಲಿ 1.5 ಲಕ್ಷ ರೂಪಾಯಿ ತನಕ ನಗದು ಇಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ, ಸಾವಾದರೆ 2 ಲಕ್ಷ, ದೊಡ್ಡ ಪೆಟ್ಟಾದರೆ 50 ಸಾವಿರ ಪರಿಹಾರ ಇದೆ. ಪರಿಹಾರದ ಕೇಸನ್ನು 6 ತಿಂಗಳೊಳಗೆ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ದಿನಕರ್ಮ ಮುಗಿದ ಮೇಲೆ ತಡ ಮಾಡದೆ ಎಫ್.ಐ.ಆರ್. ಪ್ರತಿ ತೆಗೆದುಕೊಳ್ಳಿ.

ನಿಮ್ಮ ಗಾಡಿಯಿಂದಲೇ ಅಪಘಾತ ಆದರೆ ಓಡಿಹೋಗಬೇಡಿ. ಗಾಯಾಳುವಿಗೆ ಸಹಾಯ ಮಾಡಿ, ಪೊಲೀಸರಿಗೆ ತಿಳಿಸಿ. ಸೇರಿದ ಜನ ಮೈಮೇಲೆ ಬರುವ ಭಯವಿದ್ದರೆ ನೇರ ಪೊಲೀಸ್ ಠಾಣೆಗೆ ಹೋಗಿ ಹೇಳಿ.

ಸಂಘದ ಠರಾವು

ಕೇಳಿ ಮನೆಗೆ ಹೋದರೆ ಈ ಮಾತು ಅಲ್ಲಿಗೇ ಮುಗಿಯುತ್ತದೆ. ಬರುವ ವಾರದ ಸಭೆಯಲ್ಲಿ ಇವುಗಳನ್ನು ಚರ್ಚಿಸಿ ಠರಾವು ಪುಸ್ತಕದಲ್ಲಿ ಬರೆಯಿರಿ:

1. ಗಾಡಿಗೆ ಸಾಲ ಕೇಳಿದ ಸದಸ್ಯೆಯ ಹತ್ತಿರ ಲೈಸೆನ್ಸ್ ಅಥವಾ ಕಲಿಕಾ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ ಮೊದಲು ಲೈಸೆನ್ಸಿಗೆ ಸಣ್ಣ ಒಳಸಾಲ ಕೊಡುವುದು.
2. ಗಾಡಿ ಸಾಲದಲ್ಲೇ ಎರಡು ಐ.ಎಸ್.ಐ. ಹೆಲ್ಮೆಟ್ ಮತ್ತು ಇನ್ಶೂರೆನ್ಸ್ ಖರ್ಚು ಸೇರಿಸುವುದು.
3. ಪ್ರತಿ ಸದಸ್ಯೆಯ ಗಾಡಿ ವಿಮೆ ಮುಗಿಯುವ ತಾರೀಖನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟು, ಒಂದು ತಿಂಗಳು ಮೊದಲೇ ನೆನಪು ಮಾಡುವುದು.
4. 18 ತುಂಬದ ಮಕ್ಕಳ ಕೈಗೆ ಕೀಲಿ ಕೊಡುವುದಿಲ್ಲ ಎಂದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕುವುದು.
5. ಗಾಡಿ ಬರುವ ಸದಸ್ಯೆಯರು ಬಾರದವರಿಗೆ, ವಾರಕ್ಕೆ ಒಂದು ದಿನ ಮೈದಾನದಲ್ಲಿ ಕಲಿಸುವುದು.

ಅಕ್ಕ-ತಂಗಿಯರೇ, ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿ ಬ್ಯಾಂಕಿನ ಮೆಟ್ಟಿಲು ಹತ್ತಿದವರು ನಾವು. ಅವತ್ತು ಸಹಿ ಮಾಡಲು ನಡುಗಿದ ಕೈ ಇವತ್ತು ಲಕ್ಷದ ಚೆಕ್ಕಿಗೆ ಸಹಿ ಹಾಕುತ್ತದೆ. ಅದೇ ಕೈ ಹ್ಯಾಂಡಲ್ ಹಿಡಿಯಲಿ. ಕಲಿಯುವಾಗ ಯಾರಾದರೂ ನಕ್ಕರೆ ನಗಲಿ ಬಿಡ್ರಿ. ಮುಂಜಾನೆ ಹೋದವರು ಸಂಜೀಕ ಕ್ಷೇಮವಾಗಿ ಮನೀಗೆ ಬಂದು, ಮಕ್ಕಳ ಜೋಡಿ ರೊಟ್ಟಿ ಉಣ್ಣಬೇಕು. ಅದಕ್ಕಿಂತ ದೊಡ್ಡ ಲಾಭ ಯಾವ ಲೆಕ್ಕದಾಗೂ ಇಲ್ಲ.

ಲೈಸೆನ್ಸ್ ಇಲ್ಲದೆ ಕೀಲಿ ಇಲ್ಲ, ಹೆಲ್ಮೆಟ್ ಇಲ್ಲದೆ ದಾರಿ ಇಲ್ಲ.